ಹಳ್ಳಿ ಮನೆ ಬಾಗಿಲಲ್ಲಿ ಗುರುತಿಲ್ಲದವರನ್ನ ಹೇಗೆ ಮಾತಾಡಿಸೋದು? (ಶಿಡ್ಲಘಟ್ಟ, ಬಾಗೇಪಲ್ಲಿ, ಪಾವಗಡ ಕಡೆ)

ಮನೆಮನೆ_ಪಟ್ಟಿ:

ಕುಡಿಯೋ ನೀರು, ದನಕರು, ಬೋರ್‌ವೆಲ್ ಬಗ್ಗೆ ಮನೆಮನೆಗೆ ಹೋಗಿ ಮಾಹಿತಿ ಬರ್ಕೊಳ್ಳೋ ಕೆಲಸಕ್ಕೆ 8 ಜನ ಹೊಸಬರು ಬರ್ತಿದಾರೆ. ಮೂವರು ಹುಬ್ಬಳ್ಳಿ-ಗದಗ ಕಡೆಯವರು, ಇಬ್ಬರು ಉಡುಪಿಯವರು, ಮಿಕ್ಕವರು ಬೆಂಗಳೂರಲ್ಲೇ ಬೆಳೆದವರು. ಎಲ್ಲರಿಗೂ ಕನ್ನಡ ಚೆನ್ನಾಗೇ ಬರುತ್ತೆ, ಆದ್ರೆ ಈ ಸೀಮೆ ಮಾತಿನ ವರಸೆ ಗೊತ್ತಿಲ್ಲ. ಒಂದು ಮನೇಲಿ 20 ನಿಮಿಷದ ಕೆಲಸ.

ಅವರ ಕೈಗೆ ಒಂದು ಹಾಳೆ ಮಾಡಿಕೊಡಬೇಕು. "ಗೌರವದಿಂದ ಮಾತನಾಡಿ" ಅಂತ ಬರೆದುಕೊಟ್ರೆ ಓದಿ ಮಡಚಿಡ್ತಾರೆ ಅಷ್ಟೆ. ಬಾಯಲ್ಲಿ ಆಡೋ ಮಾತೇ ಬೇಕು. ಯಾರನ್ನ ಏನಂತ ಕರೆಯೋದು, "ರೀ" ಅನ್ನಬಹುದಾ? ತೆಲುಗು ಮನೆಗಳಲ್ಲಿ ಹೇಗೆ? ಕಾಫಿ, ನೀರು ಕೊಟ್ರೆ ತಗೋಬೇಕಾ? ಫಾರಂನಲ್ಲಿ ಜಾತಿ ಕಾಲಂ ಇದೆ, ಅದನ್ನ ಕೇಳೋದು ಹೇಗೆ? ಯಾವ ಹೊತ್ತಿಗೆ ಹೋದ್ರೆ ಜನ ಸಿಗ್ತಾರೆ?

ಗೌರಿಬಿದನೂರು_ಮೇಷ್ಟ್ರು:

ಮೊದಲು ಒಂದು ತಪ್ಪು ತಿಳುವಳಿಕೆ ತೆಗೀರಿ. "ದಯವಿಟ್ಟು", "ಧನ್ಯವಾದಗಳು" ಎರಡೂ ನಮ್ಮ ಕಡೆ ಮೈಕಿನ ಮಾತು. ಮನೆ ಬಾಗಿಲಲ್ಲಿ ನಿಂತು "ದಯವಿಟ್ಟು ಮಾಹಿತಿ ನೀಡಿ" ಅಂದ್ರೆ ನೋಟೀಸು ಓದಿದ ಹಾಗಿರುತ್ತೆ. ನಮ್ಮಲ್ಲಿ ಮರ್ಯಾದೆ ಇರೋದು ಕ್ರಿಯಾಪದದ ಬಾಲದಲ್ಲಿ. ಒಂದೇ ಮಾತನ್ನ ಜೋಡಿಸಿ ತೋರಿಸ್ತೀನಿ:

ಹೇಳು – ಮಕ್ಕಳಿಗೆ ಮಾತ್ರ.
ಹೇಳಿ – ಸರಿ, ಆದ್ರೆ ಬರೀ ಇದನ್ನೇ ಹತ್ತು ಸಲ ಅಂದ್ರೆ ವಿಚಾರಣೆ ಥರ ಕೇಳುತ್ತೆ.
ಒಂಚೂರು ಹೇಳ್ತೀರಾ? – ಇದು ಹದ.
ಹೇಳೋಕೆ ತೊಂದ್ರೆ ಇಲ್ಲ ಅಂದ್ರೆ ಹೇಳಿ – ಸಾಲ, ಆದಾಯ, ಜಾತಿ ಕೇಳೋವಾಗ.

"ದಯವಿಟ್ಟು" ಮಾಡೋ ಕೆಲಸವನ್ನ ಇಲ್ಲಿ "ಒಂಚೂರು", "ಸ್ವಲ್ಪ" ಮಾಡ್ತವೆ. "ಒಂಚೂರು ಬರ್ತೀರಾ", "ಸ್ವಲ್ಪ ಆ ಕಾರ್ಡು ತೋರಿಸ್ತೀರಾ". ಕೆಲಸ ಮುಗಿದ ಮೇಲೆ "ಥ್ಯಾಂಕ್ಸ್" ಅಂದ್ರೂ ತಪ್ಪಲ್ಲ; "ನಿಮ್ಮ ಕೆಲಸ ಬಿಡಿಸಿಬಿಟ್ವಿ" ಅಂದ್ರೆ ಅದಕ್ಕಿಂತ ಹೆಚ್ಚು ತೂಕ.

ಇನ್ನೊಂದು, ಎದುರಿಗಿರೋರಿಗೆ ಬಹುವಚನ ಕೊಟ್ಟು ಮನೆಯವರ ಬಗ್ಗೆ ಏಕವಚನ ಬಳಸಿಬಿಡ್ತಾರೆ. "ನಿಮ್ಮ ಮಗ ಎಲ್ಲಿದಾನೆ?" ಅಂತ 45 ವರ್ಷದ ಮಗನ ಬಗ್ಗೆ ಕೇಳಬಾರದು. ತಾಯಿ "ಅವನು" ಅಂತಾರೆ, ನೀವು "ಅವರು" ಅನ್ನಿ. ಆಳು, ಕೂಲಿಯವರು, ಕುರಿ ಕಾಯೋರು, ಯಾರಾದ್ರೂ ಸರಿ, ದೊಡ್ಡವರಾದ್ರೆ "ಅವರು". ಮನೆ ಯಜಮಾನರಿಗೆ "ನೀವು", ಅಲ್ಲೇ ಪಕ್ಕದಲ್ಲಿ ಹುಲ್ಲು ಹೊರೋರಿಗೆ "ನೀನು" ಅಂದ್ರೆ ಊರೆಲ್ಲ ಗಮನಿಸುತ್ತೆ. ಬೆಂಗಳೂರಿನ ಹುಡುಗರು ಹೆಚ್ಚಾಗಿ ಎಡವೋದು ಇಲ್ಲೇ.

ಕರೆಯೋ ಪದಗಳು: 60 ದಾಟಿದ ಗಂಡಸರಿಗೆ "ತಾತ" ಅಥವಾ "ಯಜಮಾನ್ರೇ". ತಲೆ ಪೂರ್ತಿ ಬೆಳ್ಳಗಾಗದಿದ್ರೆ "ಯಜಮಾನ್ರೇ" ಕ್ಷೇಮ. ನಡುವಯಸ್ಸಿನವರಿಗೆ "ಅಣ್ಣ". ಶಾಲೆ, ಪಂಚಾಯ್ತಿ ಆಫೀಸು, ಡೇರಿ ಹತ್ರ "ಸಾರ್". ಹೆಂಗಸರಿಗೆ "ಅಕ್ಕ" 20ರಿಂದ 50ರವರೆಗೂ ನಡೆಯುತ್ತೆ, ಅದಾದ ಮೇಲೆ "ಅಮ್ಮ", ಇನ್ನೂ ವಯಸ್ಸಾದ್ರೆ "ಅಜ್ಜಿ". "ಆಂಟಿ" ಬೇಡವೇ ಬೇಡ. ಅತ್ತೆ, ಮಾವ, ಭಾವ, ಅತ್ತಿಗೆ ಇವೆಲ್ಲ ಸಂಬಂಧ ಬೆಳೆಸೋ ವರಸೆಗಳು, ಹೊಸಬರ ಬಾಯಲ್ಲಿ ಬಂದ್ರೆ ನಗ್ತಾರೆ ಇಲ್ಲ ಮುಖ ಗಂಟಿಕ್ಕುತ್ತಾರೆ. "ಗೌಡ್ರೇ" ಅಂದ್ರೆ ಜಾತಿ ನೀವೇ ತೀರ್ಮಾನ ಮಾಡಿದ ಹಾಗೆ. "ಬುದ್ಧಿ" ಅನ್ನೋದು ಒಡೆಯ-ಆಳು ಕಾಲದ್ದು, ಮರ್ಯಾದೆ ಅಂದ್ಕೊಂಡು ಯಾರೂ ಬಳಸಬೇಡಿ.

"ರೀ" ವಿಷಯ: ಕ್ರಿಯಾಪದಕ್ಕೆ ಅಂಟಿದ "ರಿ" ಬೇರೆ, ಒಂಟಿಯಾಗಿ ನಿಂತ "ರೀ" ಬೇರೆ. "ಬನ್ರಿ", "ಕೂತ್ಕೊಳ್ರಿ" ಎಲ್ಲಾ ಕಡೆ ಸರಿ. "ರೀ, ಇಲ್ಲಿ ಬನ್ನಿ", "ಏನ್ರೀ?" ಅಂದ್ರೆ ಇಲ್ಲಿ ಜಗಳಕ್ಕೆ ಮೊದಲ ಮಾತು. ಹುಬ್ಬಳ್ಳಿಯವರು "ಹೌದ್ರೀ", "ಏನ್ರೀ" ಅನ್ನೋದು ಶುದ್ಧ ಗೌರವದಿಂದ, ಪಾಪ. ಕಿವಿ ಮಾತ್ರ ಇಲ್ಲಿಯದು.

ತಿಪಟೂರು_ಕಾಯಿ:

ಮೇಷ್ಟ್ರೇ, "ರೀ" ಬಗ್ಗೆ ಅಷ್ಟು ಹೆದರಿಸಬೇಡಿ. ತುಮಕೂರಿನ ಪಶ್ಚಿಮಕ್ಕೆ, ತಿಪಟೂರು-ತುರುವೇಕೆರೆ ಕಡೆ ಉತ್ತರ ಕರ್ನಾಟಕದ ರಾಗದಲ್ಲಿ "ಹೌದ್ರೀ" ಅಂದ್ರೆ ಜನಕ್ಕೆ ತಕ್ಷಣ ಗೊತ್ತಾಗುತ್ತೆ, "ಓ, ಧಾರವಾಡದ ಕಡೆಯೋರಾ?" ಅಂತ ಮಾತು ಶುರುವಾಗೋದೂ ಉಂಟು. ರಾಗ ಎಳೆದ್ರೆ ಗೌರವ, ಕಡಿದ್ರೆ ಜಗಳ. ನಮ್ಮ ಕಡೆ "ಸ್ವಾಮಿ" ಅನ್ನೋದು ಕೂಡ ಚೆನ್ನಾಗಿ ನಡೆಯುತ್ತೆ, "ಬನ್ನಿ ಸ್ವಾಮಿ", "ಹೇಳಿ ಸ್ವಾಮಿ". ಆದ್ರೆ "ಅಲ್ಲಾ ಸ್ವಾಮಿ..." ಅಂತ ಎಳೆದು ಶುರು ಮಾಡಿದ್ರೆ ಆಕ್ಷೇಪಣೆ ಅಂತ ಅರ್ಥ.

ಉಡುಪಿಯವರ "ಮಾರಾಯ್ರೇ", "ಎಂತ" ಇವಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಗಡಿನಾಡು_ಪಾವಗಡ:

ತೆಲುಗು ಮನೆಗಳ ವಿಷಯಕ್ಕೆ ಬರ್ತೀನಿ. ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ರೂ ಹೆಚ್ಚುಕಮ್ಮಿ ಸುತ್ತಲೂ ಆಂಧ್ರ. ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲು ಕಡೇನೂ ಮನೆಯೊಳಗೆ ತೆಲುಗು, ಪಂಚಾಯ್ತಿಯಲ್ಲಿ ಕನ್ನಡ. ಮಕ್ಕಳು ಓದೋದು ಕನ್ನಡ ಶಾಲೆಯಲ್ಲಿ. ಹಾಗಾಗಿ ಕನ್ನಡ ಅರ್ಥ ಆಗಲ್ಲ ಅನ್ನೋ ಮನೆ ಕಮ್ಮಿ. ವಯಸ್ಸಾದ ಹೆಂಗಸರು ಅರ್ಥ ಮಾಡ್ಕೊಂಡು ತೆಲುಗಲ್ಲಿ ಉತ್ತರ ಕೊಡ್ತಾರೆ. ಅದು ಅಸಡ್ಡೆ ಅಲ್ಲ, ನಾಲಿಗೆಗೆ ಬರೋದು ಅದು. "ಕನ್ನಡದಲ್ಲಿ ಹೇಳಿ" ಅಂತ ಒತ್ತಾಯ ಮಾಡಿದ್ರೆ ಅಲ್ಲಿಗೆ ಮಾತು ಮುಗೀತು. ಕೇಳೋದು ಕನ್ನಡದಲ್ಲಿ ಕೇಳಿ, ಉತ್ತರ ತೆಲುಗಲ್ಲಿ ಬರಲಿ, ಅರ್ಥ ಆಗದ ಸಂಖ್ಯೆಯನ್ನ ಬೆರಳಲ್ಲಿ ಖಚಿತ ಮಾಡ್ಕೊಳ್ಳಿ.

ಎರಡು ವಾಕ್ಯ ಬಾಯಿಪಾಠ ಮಾಡಿಸಿ: "ಕನ್ನಡಂಲೋ ಮಾಟ್ಲಾಡೊಚ್ಚಾ?" (ಕನ್ನಡದಲ್ಲಿ ಮಾತಾಡಬಹುದಾ), "ನಾಕು ತೆಲುಗು ಸರಿಗ್ಗಾ ರಾದು" (ನನಗೆ ತೆಲುಗು ಸರಿಯಾಗಿ ಬರಲ್ಲ). ಇದಕ್ಕಿಂತ ಹೆಚ್ಚು ಬೇಡ, ಯಾಕಂದ್ರೆ ಅರೆಬರೆ ತೆಲುಗಲ್ಲಿ ದೊಡ್ಡ ಬಲೆ ಇದೆ. ನಮ್ಮ "ನೀವು" ಬಹುವಚನ. ತೆಲುಗಲ್ಲಿ "ನೀವು", "ನುವ್ವು" ಎರಡೂ ಏಕವಚನ. ಗೌರವಕ್ಕೆ "ಮೀರು". ಹೊಸಬರು ತೆಲುಗು ವಾಕ್ಯದ ಮಧ್ಯೆ ಕನ್ನಡದ "ನೀವು" ಸೇರಿಸಿಬಿಟ್ರೆ ಅಜ್ಜನಿಗೆ "ನೀನು" ಅಂದ ಹಾಗಾಯ್ತು. ತಿರುಗಿಸಿಯೂ ನೋಡಿ: ತೆಲುಗು ಮನೆಯವರು ಕನ್ನಡ ಮಾತಾಡೋವಾಗ ನಿಮ್ಮನ್ನ "ನೀನು" ಅಂದ್ರೆ ಸೊಕ್ಕು ಅಂತ ತಿಳೀಬೇಡಿ, ಪದ ಜಾರಿರುತ್ತೆ.

ಇನ್ನೊಂದು ಬಲೆ "ಅವ್ವ". ಹುಬ್ಬಳ್ಳಿಯವರಿಗೆ ಅವ್ವ ಅಂದ್ರೆ ತಾಯಿ. ತೆಲುಗಿನವರಿಗೆ ಅಜ್ಜಿ. 40ರ ಹೆಂಗಸಿಗೆ "ಅವ್ವಾ" ಅಂತ ಅಕ್ಕರೆಯಿಂದ ಕರೆದ್ರೆ ಆಯಮ್ಮ ಮನಸ್ಸಲ್ಲೇ 30 ವರ್ಷ ಲೆಕ್ಕ ಹಾಕ್ತಾಳೆ. "ಅಕ್ಕ", "ಅಮ್ಮ", "ತಾತ" ಈ ಮೂರು ಎರಡೂ ಭಾಷೆಯಲ್ಲಿ ಒಂದೇ. ಗಡಿ ಹಳ್ಳಿಗಳಲ್ಲಿ ಇವೇ ಸಾಕು.

ಮುಸ್ಲಿಂ ಮನೆಗಳಲ್ಲಿ ಗಂಡಸರಿಗೆ "ಭಾಯ್", ಹಿರಿಯರಿಗೆ "ಚಾಚಾ", ಹೆಂಗಸರಿಗೆ "ಅಕ್ಕ" ಅಂದ್ರೆ ನಡೆಯುತ್ತೆ. ಹೆಂಗಸರು ಪರದೆ ಹಿಂದೆಯಿಂದ ಉತ್ತರ ಕೊಟ್ರೆ ಅಲ್ಲೇ ಬಾಗಿಲ ಪಕ್ಕಕ್ಕೆ ನಿಂತು ಬರ್ಕೊಳ್ಳಿ, ಇಣುಕಬೇಡಿ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಬಿಡಿ.

ಹುಳದಮನೆ:

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹೋಗೋರಿಗೆ ಯಾರೂ ಹೇಳದ ಒಂದು ವಿಷಯ ಇದೆ. ರೇಷ್ಮೆ ಹುಳ ಸಾಕೋ ಮನೆ ಒಳಗೆ ಗುರುತಿಲ್ಲದವರು ಕಾಲಿಡಬಾರದು. ಬಾಗಿಲು ತೆಗೆದಿದೆ, ಒಳಗೆ ಜನ ಇದಾರೆ ಅಂತ ನುಗ್ಗಿಬಿಡ್ತಾರೆ. ಸೋಂಕು ಚಪ್ಪಲಿ, ಕೈ, ಬಟ್ಟೇಲಿ ಬರುತ್ತೆ. ಬೆಳಿಗ್ಗೆ ಹಾಲು ರೋಗ ಬಿದ್ದ ಹುಳದ ಮನೆಗೆ ಹೋಗಿ, ಅದೇ ಕಾಲಲ್ಲಿ ಮಧ್ಯಾಹ್ನ ಇನ್ನೊಂದು ಹುಳದ ಮನೆಗೆ ಹೋದ್ರೆ ಆ ಬೆಳೆ ಹೋದ ಹಾಗೆ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿದ ಗೋಣಿಚೀಲ, ಇಲ್ಲ ಸುಣ್ಣ ಬೆರೆಸಿದ ಪುಡಿ ಹರಡಿದ್ರೆ ಅದೇ ಗುರುತು. ಗೋಣಿಚೀಲ ದಾಟಬೇಡಿ, ಹೊರಗಿಂದಲೇ ಕೂಗಿ.

ಅವರೇ "ಬನ್ನಿ, ಪರವಾಗಿಲ್ಲ" ಅಂದ್ರೂ "ಹುಳ ಇದೆ ಅಲ್ವಾ, ಇಲ್ಲೇ ನಿಂತ್ಕೋತೀವಿ" ಅನ್ನಿ. ಈ ಒಂದು ಮಾತಿಗೆ ಸಿಗೋ ಮರ್ಯಾದೆ ಯಾವ ಗುರುತಿನ ಚೀಟಿಗೂ ಸಿಗಲ್ಲ, ಯಾಕಂದ್ರೆ ಅವರು ಕರೆಯೋದು ಉಪಚಾರಕ್ಕೆ, ಒಳಗೊಳಗೆ ಜೀವ ಹೊಡ್ಕೋತಿರುತ್ತೆ. ಹುಡುಗರಿಗೆ ಹೇಳಿ: ಬೀಡಿ ಸಿಗರೇಟು ಸೇದಿದ ಕೈ, ಸೊಳ್ಳೆಗೆ ಹಚ್ಚೋ ಕ್ರೀಮು, ಮೈಗೆ ಹೊಡ್ಕೊಳ್ಳೋ ಸ್ಪ್ರೇ, ಇವು ಹುಳಕ್ಕಾಗಲೀ ಹಿಪ್ಪುನೇರಳೆ ಸೊಪ್ಪಿಗಾಗಲೀ ಹತ್ರ ಹೋಗಬಾರದು. ಹೊಗೆಸೊಪ್ಪು ಹುಳಕ್ಕೆ ವಿಷ. ಹೊರಗೆ ಗುಡ್ಡೆ ಹಾಕಿದ ಸೊಪ್ಪಿನ ಮೇಲೆ ಕೂರೋದು, ಬ್ಯಾಗ್ ಇಡೋದು ಕೂಡ ಬೇಡ.

ಕೆಲವು ಮಾತು ಅರ್ಥ ಮಾಡ್ಕೊಂಡಿರಲಿ. "ಹುಳ ಜ್ವರಕ್ಕೆ ಕೂತಿವೆ" ಅಂದ್ರೆ ಕಾಯಿಲೆ ಅಲ್ಲ, ಪೊರೆ ಬಿಡ್ತಿವೆ ಅಂತ. ಆಗ ಸೊಪ್ಪು ಹಾಕಲ್ಲ, ಮನೆಯವರಿಗೆ ಬಿಡುವು. ಮಾತಿಗೆ ಒಳ್ಳೆ ಹೊತ್ತು ಅದು. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು 7-8 ದಿನ ಹುಳ ತಿನ್ನೋದೇ ತಿನ್ನೋದು, ಇಡೀ ಬೆಳೆಯ ಸೊಪ್ಪಲ್ಲಿ ಮುಕ್ಕಾಲಿಗಿಂತ ಹೆಚ್ಚು ಆಗಲೇ ಖರ್ಚು. ಆಗ 5 ನಿಮಿಷಕ್ಕಿಂತ ಹೆಚ್ಚು ಕೇಳಬೇಡಿ. "ಹುಳ ಹಣ್ಣಾಗಿದೆ" ಅಂದ್ರೆ ಮನೆ ಮಂದಿಯೆಲ್ಲ ಹಣ್ಣು ಹುಳ ಆರಿಸಿ ಚಂದ್ರಿಕೆಗೆ (ಹುಳ ಗೂಡು ಕಟ್ಟೋ ತಟ್ಟಿ) ಬಿಡ್ತಿರ್ತಾರೆ, ತಡವಾದ್ರೆ ಹುಳ ಸಿಕ್ಕಲ್ಲಿ ಗೂಡು ಕಟ್ಟುತ್ತೆ. ಆ ದಿನ ಮನೆ ಬಿಟ್ಟುಬಿಡಿ, ಎರಡು ದಿನ ಕಳೆದು ಬನ್ನಿ.

ಹೊತ್ತು: ಬೆಳಿಗ್ಗೆ ಡೇರಿಗೆ ಹಾಲು ಹಾಕೋ ಹೊತ್ತು, ಸಂಜೆ ಹಾಲು ಕರೆಯೋ ಹೊತ್ತು ಎರಡೂ ಬೇಡ. ಅಂದ್ರೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 5ರ ಮೇಲೆ ಇಲ್ಲ. ಕೂಲಿಗೆ, ತೋಟಕ್ಕೆ ಹೋಗೋರು 9ರ ಹೊತ್ತಿಗೆ ಹೊರಟುಬಿಡ್ತಾರೆ. ಹಾಗಾಗಿ 8ರಿಂದ 9, ಆಮೇಲೆ ಮಧ್ಯಾಹ್ನ ಊಟದ ನಂತರ 2ರಿಂದ 4. ಕೋಲಾರ ಕಡೆ ಟೊಮೇಟೊ ಕೀಳೋ ದಿನ ತೋಟದ ಬದುವಲ್ಲಿ ಕ್ರೇಟು ತುಂಬ್ತಿರೋರನ್ನ ನಿಲ್ಲಿಸಬೇಡಿ, ಗಾಡಿ ಮಂಡಿಗೆ ಹೊರಡೋ ಹೊತ್ತು ಗೊತ್ತಾಗಿರುತ್ತೆ. ಮಾತಿನ ಮಧ್ಯೆ "ತ್ರೀ ಫೇಸ್ ಬಂತು" ಅಂತ ರೈತರು ಎದ್ದು ಓಡಿದ್ರೆ ಅದು ಅವಮಾನ ಅಲ್ಲ. ಕರೆಂಟು ಇರೋವಾಗ ಮೋಟಾರು ಹಾಕದಿದ್ರೆ ಆ ದಿನದ ನೀರು ಹೋಯ್ತು. "ಹೋಗಿ ಬನ್ನಿ, ಕಾಯ್ತೀವಿ" ಅನ್ನಿ.

ಅಂಗಳದ_ರಂಗೋಲಿ:

ಹೆಣ್ಣುಮಕ್ಕಳ ಕಡೆಯಿಂದ ಕೆಲವು.

ಗೇಟಿನ ಹತ್ರ ನಿಂತು "ಅಮ್ಮಾ... ಅಮ್ಮಾ" ಅಂತ ರಾಗವಾಗಿ ಕೂಗಬೇಡಿ, ಭಿಕ್ಷೆಗೆ ಬಂದೋರು ಅಂತ ಒಳಗಿಂದಲೇ "ಮುಂದಕ್ಕೆ ಹೋಗಪ್ಪಾ" ಅಂತಾರೆ. "ಮನೇಲಿ ಯಾರಿದೀರಿ?" ಅಂತ ಒಂದು ಸಲ, ನಿಧಾನಕ್ಕೆ ಇನ್ನೊಂದು ಸಲ. ಬಾಗಿಲಿಂದ ಐದಾರು ಅಡಿ ದೂರ, ನೇರ ಎದುರಿಗಲ್ಲ, ಓರೆಯಾಗಿ ನಿಲ್ಲಿ. ಒಳಗಿನವರು ಸೆರಗು ಸರಿ ಮಾಡ್ಕೊಂಡು ಬರೋಷ್ಟು ಹೊತ್ತು ಕೊಡಿ. ರಂಗೋಲಿ ತುಳೀಬೇಡಿ. ಜಗಲಿ ಹತ್ತೋ ಮೊದಲೇ ಚಪ್ಪಲಿ ಬಿಡಿ, ಹೊಸಿಲ ಮೇಲೆ ನಿಲ್ಲಬೇಡಿ, ಹೊಸಿಲಾಚೆ ನಿಂತು ಪೆನ್ನು-ಕಾಗದ ಕೊಡೋದು ತಗೊಳ್ಳೋದೂ ಕೆಲವು ಹಿರಿಯರಿಗೆ ಹಿಡಿಸಲ್ಲ. ಆಧಾರ್ ಕಾರ್ಡು ಬಲಗೈಯಲ್ಲಿ ತಗೊಂಡು ಬಲಗೈಯಲ್ಲೇ ಕೊಡಿ.

ಹೆಂಗಸರೊಬ್ಬರೇ ಇದ್ರೆ ಹುಡುಗರು ಒಳಗೆ ಹೋಗೋದೇ ಬೇಡ, "ಬನ್ನಿ" ಅಂದ್ರೂ ಜಗಲಿಯಲ್ಲೇ ಕೂತ್ಕೊಳ್ಳಿ. ಪಕ್ಕದ ಮನೆಯವರು ಬಂದು ನಿಂತ್ರೆ ಅಡ್ಡಿ ಮಾಡಬೇಡಿ, ಅವರು ಬಂದಿರೋದು ಅದಕ್ಕೇ.

ಗಂಡನ ಬಗ್ಗೆ ನೇರ ಕೇಳಬಾರದು. "ನಿಮ್ಮ ಗಂಡ ಏನ್ಮಾಡ್ತಾರೆ?" ಅಂದು, ಅವರು ತೀರಿಕೊಂಡಿದ್ರೆ ಮುಂದಿನ 20 ನಿಮಿಷ ಹೇಗೆ ಕೂರ್ತೀರಿ? "ಮನೇಲಿ ಒಟ್ಟು ಯಾರ್ಯಾರಿದೀರಿ?" ಅಂತ ಶುರು ಮಾಡಿ, ಇರೋರ ಹೆಸರು ತಾವಾಗೇ ಬರುತ್ತೆ. ಮಕ್ಕಳ ಲೆಕ್ಕವೂ ಅದರಲ್ಲೇ ಸಿಗುತ್ತೆ. "ಮಕ್ಕಳೆಷ್ಟು?" ಅಂತ ಬೇರೆ ಪ್ರಶ್ನೆ ಬೇಡ. ಯಾರಾದ್ರೂ ಇಲ್ಲವಾದ ವಿಷಯ ಬಂದ್ರೆ "ಸತ್ತು ಎಷ್ಟು ವರ್ಷ ಆಯ್ತು" ಅಲ್ಲ, "ತೀರ್ಕೊಂಡು". ವಯಸ್ಸಾದ ಕೆಲವರು ಗಂಡನ ಹೆಸರು ಬಾಯಲ್ಲಿ ಹೇಳಲ್ಲ. ಪಟ್ಟು ಹಿಡೀಬೇಡಿ, ರೇಷನ್ ಕಾರ್ಡು ನೋಡಿ ಬರ್ಕೊಳ್ಳಿ.

ನೀರು, ಕಾಫಿ. ಇದರಲ್ಲಿ ಒಂದೇ ನಿಯಮ, ಆದ್ರೆ ಗಟ್ಟಿ: ಊರಿಗೆಲ್ಲ ಒಂದೇ ನಡತೆ. ಮೇಲಿನ ಬೀದಿಯಲ್ಲಿ ಕಾಫಿ ಕುಡಿದು, ಕಾಲೋನಿಯಲ್ಲಿ "ಬೇಡ, ಈಗ ತಾನೆ ಆಯ್ತು" ಅಂದ್ರೆ ಯಾಕೆ ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ನಿಮಗೆ ನಿಜವಾಗ್ಲೂ ಹೊಟ್ಟೆ ತುಂಬಿದ್ರೂ ಅದು ಅವಮಾನವಾಗೇ ಮುಟ್ಟುತ್ತೆ. ಕಾಫಿ ಎಲ್ಲೂ ಬೇಡ ಅಂತ ಮಾಡ್ಕೊಳ್ಳಿ, ನೀರು ಮಾತ್ರ ಕೊಟ್ಟ ಕಡೆ ಎಲ್ಲಾ ಎರಡು ಗುಟುಕು ಕುಡೀರಿ. ಚೊಂಬು ತುಟಿಗೆ ಕಚ್ಚದೆ ಎತ್ತಿ ಕುಡಿಯೋದು ಇಲ್ಲಿ ಎಲ್ಲರ ರೂಢಿ, ಬರಲ್ಲ ಅಂದ್ರೆ "ಲೋಟ ಕೊಡ್ತೀರಾ" ಅಂತ ಕೇಳಿ. ನೀರು ಕೊಟ್ಟಾಗ ಮುಂದೆಯೇ ಸ್ವಂತ ಬಾಟಲಿ ತೆಗೆದು ಕುಡಿಯೋದು ಬೇಡ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರೋ ಊರುಗಳು ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೆಯಲ್ಲಿ ಇವೆ ನಿಜ, ಆದ್ರೆ ಬಹಳ ಮನೆಯವರು ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಇಟ್ಟಿರ್ತಾರೆ. ಎರಡು ಗುಟುಕಿಗೆ ಏನೂ ಆಗಲ್ಲ.

"ಬೇಡ" ಅಂತ ಬರೀ ಪದ ಎಸೆಯಬೇಡಿ. "ಇನ್ನೊಂದ್ಸಲ ಬಂದಾಗ ಕುಡೀತೀವಿ" ಸಾಕು. ಮಕ್ಕಳನ್ನ "ಎಷ್ಟು ಗುಂಡಗಿದೆ" ಅಂತ ಹೊಗಳಬೇಡಿ, ದೃಷ್ಟಿ ಅಂತಾರೆ. ಹೆಸರು ಕೇಳಿ, ಯಾವ ಕ್ಲಾಸು ಅಂತ ಕೇಳಿ.

ಮನೆಮನೆ_ಪಟ್ಟಿ:

ಹುಳದ ಮನೆ ವಿಷಯ ನಮ್ಮ ತಲೆಗೆ ಹೊಳೆದೇ ಇರಲಿಲ್ಲ, ಒಳ್ಳೇದಾಯ್ತು. ನಮ್ಮ ಫಾರಂ ಪ್ರಕಾರ ದಿನಕ್ಕೆ 12 ಮನೆ. ಈ ಹೊತ್ತಿನ ಲೆಕ್ಕ ನೋಡಿದ್ರೆ 8-9ಕ್ಕೆ ಇಳಿಸಬೇಕು. ಜಾತಿ ಕಾಲಂ ಮತ್ತು ಹೊರಡೋ ರೀತಿ ಇನ್ನೂ ಉಳೀತು.

ಗೌರಿಬಿದನೂರು_ಮೇಷ್ಟ್ರು:

ದಿನಕ್ಕೆ 9 ಜಾಸ್ತೀನೇ. ಮೊದಲ ಎರಡು ದಿನ 6 ಇಡಿ.

ಜಾತಿ ಕಾಲಂ ಕೊನೆಗೆ ಇಡಿ, ಮೊದಲ ಪುಟದಲ್ಲಿ ಬೇಡ. "ನೀವು ಯಾವ ಜನ?", "ಯಾವ ಪೈಕಿ?" ಅಂತ ಊರವರು ಕೇಳೋ ಧಾಟಿಯಲ್ಲಿ ಹೊರಗಿನವರು ಕೇಳಬಾರದು. ಅದು ಊರೊಳಗಿನ ಭಾಷೆ, ಅದರಲ್ಲಿ ಎಲ್ಲಿ ಕೂರಿಸಬೇಕು ಅನ್ನೋ ಲೆಕ್ಕ ಇರುತ್ತೆ. ಫಾರಂ ತಿರುಗಿಸಿ ಆ ಜಾಗ ತೋರಿಸಿ, "ಇಲ್ಲೊಂದು ಜಾತಿ ಕಾಲಂ ಇದೆ, ಎಲ್ಲಾ ಮನೇಲೂ ಕೇಳ್ತಿದೀವಿ. ಹೇಳೋಕೆ ಇಷ್ಟ ಇದ್ರೆ ಬರ್ಕೋತೀವಿ, ಇಲ್ಲ ಅಂದ್ರೆ ಖಾಲಿ ಬಿಡ್ತೀವಿ" ಅನ್ನಿ. ಪಕ್ಕದಲ್ಲಿ ಬೇರೆಯವರು ನಿಂತಿದ್ರೆ ಬಾಯಲ್ಲಿ ಕೇಳದೆ ಪೆನ್ನಿಂದ ತೋರಿಸಿ. ಮನೆ ನೋಡಿ, ಹೆಸರು ನೋಡಿ ನೀವೇ ಊಹೆ ಮಾಡಿ ತುಂಬಿಸೋದು ಮಹಾ ತಪ್ಪು. ದಾರಿ ಕೇಳೋವಾಗಲೂ ಕೇರಿಯ ಹೆಸರಲ್ಲಿ ಕೇಳಬೇಡಿ. ಓವರ್‌ಹೆಡ್ ಟ್ಯಾಂಕ್, ಅಂಗನವಾಡಿ, ಅರಳಿಕಟ್ಟೆ ಗುರುತು ಹಿಡಿದು ಕೇಳಿ.

ಪ್ರಶ್ನೆ ತಿರುಗಿ ನಿಮ್ಮ ಹುಡುಗರಿಗೂ ಬರುತ್ತೆ. ಮೊದಲು "ಯಾವೂರಾಯ್ತು?", ಆಮೇಲೆ "ಅಪ್ಪ ಏನ್ಮಾಡ್ತಾರೆ?", ಮೂರನೆಯದು "ನಿಮ್ಮೋರು ಯಾರು?". ಮೊದಲೆರಡಕ್ಕೆ ಧಾರಾಳವಾಗಿ ಉತ್ತರ ಕೊಡಿ, ಊರಿನ ಮಳೆ ಬೆಳೆ ಸೇರಿಸಿ. ಗುರುತಿಲ್ಲದವರನ್ನ ಗುರುತು ಮಾಡ್ಕೊಳ್ಳೋ ಬಗೆ ಅದು. ಮೂರನೆಯದಕ್ಕೆ "ನಾವೆಲ್ಲಾ ಒಂದೇ" ಅಂತ ಭಾಷಣ ಬೇಡ. ನಕ್ಕು "ಆಫೀಸಲ್ಲಿ ಅದನ್ನ ಹೇಳ್ಬೇಡಿ ಅಂದಿದಾರೆ ಯಜಮಾನ್ರೇ" ಅಂತ ನಿಮ್ಮ ಮೇಲೆ ಹಾಕಿಬಿಡಲಿ. ಆಫೀಸಿನ ರೂಲ್ಸು ಅಂದ್ರೆ ಜನ ಬೇಗ ಬಿಡ್ತಾರೆ.

ಗಡಿನಾಡು_ಪಾವಗಡ:

ಹೊರಡೋವಾಗ "ಹೋಗ್ತೀವಿ" ಅನ್ನಬಾರದು, "ಬರ್ತೀವಿ". ಒಳಗಡೆ ಯಾರೋ ಪ್ರಯಾಣಕ್ಕೆ ಹೊರಟು ನಿಂತಿದ್ರೆ "ಎಲ್ಲಿಗೆ ಹೋಗ್ತಿದೀರಿ?" ಅಂತಲೂ ಕೇಳಬಾರದು, ಅಪಶಕುನ ಅಂತ ವಾಪಸ್ ಬಂದು ಐದು ನಿಮಿಷ ಕೂತು ಹೋಗೋರಿದಾರೆ. ಕೇಳಲೇಬೇಕು ಅಂದ್ರೆ "ದೂರ ಹೊರಟ್ರಾ?" ಅನ್ನಿ. ದೀಪ ಹಚ್ಚೋ ಹೊತ್ತಿಗೆ ಯಾರ ಮನೆ ಬಾಗಿಲಲ್ಲೂ ಇರಬೇಡಿ.

ಹುಳದಮನೆ:

ಗೇಟು ಅಥವಾ ತಡಿಕೆ ಹೇಗಿತ್ತೋ ಹಾಗೇ ಬಿಟ್ಟು ಬನ್ನಿ. ಮುಚ್ಚಿತ್ತು ಅಂದ್ರೆ ಮುಚ್ಚಿ, ಕೊಕ್ಕೆ ಹಾಕಿದ್ರಾ ಅಂತ ಒಂದ್ಸಲ ಅಲ್ಲಾಡಿಸಿ ನೋಡಿ. ಮೇಕೆ ನುಗ್ಗಿ ಹಿಪ್ಪುನೇರಳೆ ಸಾಲು ಮೇಯ್ದ್ರೆ ಮುಂದಿನ ಸಲ ನಿಮ್ಮೋರು ಆ ಬೀದಿಗೇ ಕಾಲಿಡೋಕಾಗಲ್ಲ.